ಪದ ಹೆಕ್ಕುವ ‘ಗ್ರೆಪ್’ ಹುಟ್ಟಿದ ಬಗೆ

ಕಂಪ್ಯೂಟರ್ ತಂತ್ರಜ್ಞರಿಗೆ ‘ಗ್ರೆಪ್’ ಎಂಬ ಪುಟ್ಟ ಆದೇಶ ಚಿರಪರಿಚಿತ. ಒಂದು ಪದ ಕೊಟ್ಟರೆ ಸಾವಿರಾರು ಪುಟಗಳಿಂದ ಅದಿರುವ ಸಾಲುಗಳನ್ನಷ್ಟೇ ಹೆಕ್ಕಿಕೊಡುತ್ತದೆ. ಸ್ವಾರಸ್ಯವೆಂದರೆ, ಇದರ ಹುಟ್ಟಿನ ಹಿಂದಿರುವುದು ಕರ್ತೃತ್ವದ ಪ್ರಶ್ನೆ.

1787–88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ಮೂವರು ಒಂದೇ ಗುಪ್ತನಾಮದಲ್ಲಿ 85 ಲೇಖನ ಬರೆದರು. ‘ಫೆಡರಲಿಸ್ಟ್ ಪೇಪರ್ಸ್’ ಎಂದು ಹೆಸರಾದ ಇವುಗಳಲ್ಲಿ ಕೆಲವನ್ನು ಬರೆದವರಾರು ಎಂಬುದು ವಿವಾದವಾಗಿಯೇ ಉಳಿಯಿತು. ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹನ್ ಕಂಪ್ಯೂಟರಿನ ನೆರವಿನಿಂದ ಇದನ್ನು ಪರಿಶೀಲಿಸಹೊರಟರು. ಆದರೆ ಅಲ್ಲಿದ್ದ ಪಠ್ಯ ತಿದ್ದುವ ತಂತ್ರಾಂಶಕ್ಕೆ ಅಷ್ಟು ದೊಡ್ಡ ಬರಹವನ್ನು ಹೊರುವ ಶಕ್ತಿ ಇರಲಿಲ್ಲ.

ಆ ತಂತ್ರಾಂಶವನ್ನು ರಚಿಸಿದ್ದ ಕೆನ್ ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಪ್ರತ್ಯೇಕ ಸಲಕರಣೆ ಮಾಡಿದರೆಂದು ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಘನ್ ನೆನಪಿಸಿಕೊಂಡಿದ್ದಾರೆ. ಬರಹವನ್ನು ಪೂರ್ತಿ ತುಂಬಿಕೊಳ್ಳದೆ ಸಾಲುಸಾಲಾಗಿ ಓದುವುದರಿಂದ ಗ್ರೆಪ್‌ಗೆ ಗಾತ್ರದ ತೊಡಕಿಲ್ಲ. ಹೆಸರು ಬಂದದ್ದು ಹಳೆಯ ತಂತ್ರಾಂಶದ ‘ಜಿ/ಆರ್‌ಇ/ಪಿ’ ಆದೇಶದಿಂದ: ಎಲ್ಲೆಡೆ ಹುಡುಕು, ನಮೂನೆಗೆ ಹೊಂದುವ ಸಾಲನ್ನು ತೋರಿಸು. 1973ರಲ್ಲಿ ಅದು ಯೂನಿಕ್ಸ್‌ನ 4ನೇ ಆವೃತ್ತಿಯನ್ನು ಸೇರಿತು. ಒಬ್ಬರ ಅಗತ್ಯ ಎಲ್ಲರ ಸಲಕರಣೆಯಾಯಿತು.

ಇದೇ ಥಾಂಪ್ಸನ್ 1992ರಲ್ಲಿ ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ಸಂಕೇತ ವಿಧಾನವನ್ನು ರೂಪಿಸಿದರು. ಅಂತರಜಾಲದಲ್ಲಿ ಕನ್ನಡ ಇಂದು ಹರಿದಾಡುವುದು ಈ ವಿಧಾನದಲ್ಲೇ. ಹೀಗಾಗಿ ವಚನ ಸಂಪುಟವೊಂದರಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವಿರುವ ಸಾಲುಗಳನ್ನೂ ಗ್ರೆಪ್ ಕ್ಷಣಾರ್ಧದಲ್ಲಿ ಹೆಕ್ಕಬಲ್ಲದು. ಫೆಡರಲಿಸ್ಟ್ ಲೇಖಕರು ಬಿಟ್ಟುಹೋಗದ ಗುರುತನ್ನು ನಮ್ಮ ವಚನಕಾರರು ಸಾಲಿನಲ್ಲೇ ಇಟ್ಟುಹೋಗಿದ್ದಾರೆ.