ಗಣಿಯೊಳಗೆ ಗೋಡೆ ಕಟ್ಟಿದವರು

ನನ್ನ ತಾತ ಕೋಲಾರದ ಗಣಿಯಲ್ಲಿ ಚಿನ್ನ ಅಗೆದವರಲ್ಲ, ಗೋಡೆ ಕಟ್ಟಿದವರು. ಊರಲ್ಲಿ ಬಾವಿಗೆ ಕಲ್ಲು ಕಟ್ಟುತ್ತಿದ್ದ ಕೈಗೆ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಗ್ರಾನೈಟ್ ಜೋಡಿಸುವ ಕೆಲಸ ಸಿಕ್ಕಿತ್ತು.

ಅಲ್ಲಿನ ಭಯಕ್ಕೆ ‘ಏರ್‌ಬ್ಲಾಸ್ಟ್’ ಎಂದು ಹೆಸರು. ಒತ್ತಡ ತಡೆಯಲಾರದೆ ಬಂಡೆಯೇ ಸಿಡಿಯುವುದು. ದೊಡ್ಡದಾದರೆ ಮೇಲೆ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳೂ ಉರುಳುತ್ತಿದ್ದವು. 1898ರಲ್ಲೇ ಊರ್ಗಾಂ ಗಣಿಯಲ್ಲಿ ಇದು ಕಾಣಿಸಿಕೊಂಡಿತ್ತು. ಆಗಿನ ಆಳ ಮುನ್ನೂರು ಚಿಲ್ಲರೆ ಮೀಟರ್. ಕೊನೆಗೆ ಚಾಂಪಿಯನ್ ರೀಫ್ ಇಳಿದದ್ದು 3 ಕಿಲೋಮೀಟರಿಗೂ ಕೆಳಗೆ.

ಅದಿರು ತೆಗೆದ ಪೊಳ್ಳಿಗೆ ಮೊದಲು ಮರದ ಆಸರೆ ಕೊಡುತ್ತಿದ್ದರು. ಮರ ಕುಗ್ಗುತ್ತದೆ, ಬೆಂಕಿಯೂ ಹಿಡಿಯುತ್ತದೆ. ಅದಕ್ಕೇ ಕಲ್ಲಿನ ಗೋಡೆ, ಆಮೇಲೆ ಕಾಂಕ್ರೀಟ್. ಅದಿರನ್ನು ಅಲ್ಲಲ್ಲಿ ಕಂಬದಂತೆ ಬಿಟ್ಟರೆ ಭಾರವೆಲ್ಲ ಅದರ ಮೇಲೆ ಬಿದ್ದು ಅದೇ ಸಿಡಿಯುತ್ತದೆಂದು ತಿಳಿದಾಗ ಅಗೆಯುವ ಕ್ರಮವನ್ನೇ ಬದಲಿಸಿದರು. ನನ್ನ ಮಟ್ಟಿಗೆ ಹೆಲ್ಮೆಟ್ಟಿಗಿಂತ ದೊಡ್ಡ ರಕ್ಷಣೆ ಅದು. 1978ರ ಹೊತ್ತಿಗೆ ಬಂಡೆಯ ಸದ್ದು ಆಲಿಸುವ ಕಂಪನಮಾಪಕಗಳ ಜಾಲವೂ ಬಂತು.

ಬಂಡೆ ಕೊರೆಯುವಾಗ ಏಳುವ ಧೂಳಿಗೆ ಸದ್ದಿಲ್ಲ, ಅದಕ್ಕೇ ಅದರ ಮೇಲೆ ಗಮನ ತಡವಾಗಿ ಬಿತ್ತು. ನೀರು ಬಿಟ್ಟು ಕೊರೆಯುವ ಪದ್ಧತಿ ಬರುವಷ್ಟರಲ್ಲಿ ಎಷ್ಟೋ ಎದೆಗಳಿಗೆ ಸಿಲಿಕೋಸಿಸ್ ಹಿಡಿದಿತ್ತು. ಗಣಿ ಕಂಪನಿಯ ಲಂಡನ್ನಿನ ಷೇರುದಾರರು ಆ ಕೆಮ್ಮು ಕೇಳಿಸುವ ದೂರದಲ್ಲಿರಲಿಲ್ಲ ಬಿಡಿ.

2001ರಲ್ಲಿ ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ಏರಿದ ಮೇಲೂ ನೆಲದ ಕಂಪನಗಳು ದಾಖಲಾಗುತ್ತಲೇ ಇದ್ದವು.