ತರಗು ಬೆಂಕಿಯಿಂದ ಬೆಂಕಿ ರೇಖೆಗೆ

ಚಾಮರಾಜನಗರ ಜಿಲ್ಲೆಯಲ್ಲಿ ಬೆಂಕಿ ಆರಿಸುವ ಹೊಣೆ ಎರಡು ಇಲಾಖೆಗಳದು. ಚಾಮರಾಜನಗರ, ಗುಂಡ್ಲುಪೇಟೆ ಪಟ್ಟಣಗಳಲ್ಲಿ ಅಂಗಡಿಗೋ ಹುಲ್ಲಿನ ಮೆದೆಗೋ ಬೆಂಕಿ ಬಿದ್ದರೆ 1964ರ ಅಗ್ನಿಶಾಮಕ ಕಾಯ್ದೆಯಡಿ ರೂಪುಗೊಂಡ ದಳ ಬರುತ್ತದೆ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಳ್ಗಿಚ್ಚನ್ನು ಎದುರಿಸುವುದು ಅರಣ್ಯ ಇಲಾಖೆ. ಕಾನೂನು ಇಲ್ಲಿನ ಬೆಂಕಿಯ ಸ್ವರೂಪವನ್ನೇ ಬದಲಿಸಿದ್ದು ಕಾಡಿನಲ್ಲಿ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಬೇಸಿಗೆಯ ಬಿಸಿಲು ಬಲಿಯುವ ಮೊದಲೇ ನೆಲದ ಒಣ ಎಲೆಗೆ ಬೆಂಕಿ ಇಡುತ್ತಿದ್ದರು. ಇದೇ ತರಗು ಬೆಂಕಿ. ಎಲೆಗಳಲ್ಲಿ ಇನ್ನೂ ತೇವ ಉಳಿದಿರುತ್ತಿದ್ದುದರಿಂದ ಉರಿ ಮೇಲೇಳದೆ ನೆಲ ಹಿಡಿದೇ ಸಾಗಿ ತಾನಾಗಿ ಆರುತ್ತಿತ್ತು. ದಾರಿ ತೆರವಾಗುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿ ಮರಗಳನ್ನು ಹೀರುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಸೋಲಿಗರ ಅನುಭವ.

ಸರ್ಕಾರಿ ಅರಣ್ಯಶಾಸ್ತ್ರಕ್ಕೆ ಮರವೇ ಆದಾಯ, ಬೆಂಕಿ ಅದರ ಶತ್ರು. ಮೈಸೂರು ಸಂಸ್ಥಾನದ 1900ರ ಅರಣ್ಯ ರೆಗ್ಯುಲೇಷನ್ ಮತ್ತು 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಕೊಳ್ಳೇಗಾಲಕ್ಕೆ ಅನ್ವಯಿಸುತ್ತಿದ್ದ 1882ರ ಮದ್ರಾಸ್ ಅರಣ್ಯ ಕಾಯ್ದೆ ಹುಟ್ಟಿದ್ದು ಈ ನಂಬಿಕೆಯ ಕಾಲದಲ್ಲಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅದೇ ಹಾದಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. ಅದೇ ಕಾಯ್ದೆಯ 27ನೇ ಸೆಕ್ಷನ್, ಬೆಂಕಿಯ ಸುಳಿವು ಸಿಕ್ಕರೆ ಆರಿಸುವ ಕರ್ತವ್ಯವನ್ನು ಒಳಗೆ ವಾಸಿಸುವವರ ಮೇಲೆ ಹೊರಿಸಿತು. ಬೆಂಕಿಯನ್ನು ಬಲ್ಲವರಿಗೆ ಕರ್ತವ್ಯ ಉಳಿಯಿತು, ನಿರ್ಧರಿಸುವ ಅಧಿಕಾರ ಹೋಯಿತು, ಇದು ನ್ಯಾಯವಾಗಿರಲಿಲ್ಲ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು.

ನಂತರದ ದಶಕಗಳಲ್ಲಿ ಕಾಡಿನೊಳಗೆ ಲಂಟಾನ ಹಬ್ಬಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಕಾರಣ ಅದೊಂದೇ ಅಲ್ಲದಿರಬಹುದು. ಆದರೆ ಆಳೆತ್ತರದ ಒಣ ಲಂಟಾನ ಪೊದೆಗೆ ತಗುಲಿದ ಕಿಚ್ಚು ಹಳೆಯ ತರಗು ಬೆಂಕಿಯಂತೆ ನೆಲದಲ್ಲಿ ಉಳಿಯುವುದಿಲ್ಲ.

2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರುವರಿಯಲ್ಲಿ ಗುಂಡ್ಲುಪೇಟೆ ಕಡೆಯ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ಹೊತ್ತಿ, ಉಪಗ್ರಹ ಚಿತ್ರಗಳ ಅಂದಾಜಿನಂತೆ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. ಅಗ್ನಿಶಾಮಕ ವಾಹನಗಳು ರಸ್ತೆಯಿರುವಷ್ಟೇ ದೂರ ಹೋಗಬಲ್ಲವು. ವಾಯುಪಡೆಯ ಮಿ-17 ಹೆಲಿಕಾಪ್ಟರ್‌ಗಳು ನೀರು ಸುರಿದವು. ಕಣಿವೆಗಳಲ್ಲಿ ಸಿಬ್ಬಂದಿ, ಬೆಂಕಿ ಕಾವಲುಗಾರರು ಮತ್ತು ಸ್ವಯಂಸೇವಕರು ಹಸಿ ಸೊಪ್ಪಿನಿಂದ ಉರಿಯನ್ನು ಬಡಿದರು.

ಈ ಕಾವಲುಗಾರರಲ್ಲಿ ಅನೇಕರು ಕಾಡಂಚಿನ ಹಾಡಿ, ಪೋಡುಗಳಿಂದ ಹಂಗಾಮಿಗಷ್ಟೇ ಬರುವವರು. ಬೇಸಿಗೆಗೆ ಮುನ್ನ ಗಡಿ ಮತ್ತು ರಸ್ತೆಗಳ ಪಕ್ಕದ ಹುಲ್ಲನ್ನು ಸವರಿ ಸುಟ್ಟು ಬೆಂಕಿ ರೇಖೆ ಮಾಡುವವರಲ್ಲೂ ಅವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಆ ಕಾಯ್ದೆ ಕಾಡು ಮತ್ತು ವನ್ಯಜೀವಿಗಳನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಮಾತ್ರ ಜಾರಿಯಲ್ಲೇ ಇದೆ.