ಶ್ವಾಸಕೋಶ ಪುನಶ್ಚೇತನ

ಸಿಒಪಿಡಿಯಂಥ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರಿಗೆ ವ್ಯಾಯಾಮ, ಉಸಿರಾಟದ ತರಬೇತಿ, ಆಹಾರ ಸಲಹೆ, ಮನೋಬೆಂಬಲಗಳನ್ನು ಒಟ್ಟಾಗಿ ನೀಡುವ ಚಿಕಿತ್ಸಾಕ್ರಮ. ಅವಧಿ ಸಾಮಾನ್ಯವಾಗಿ 6ರಿಂದ 12 ವಾರ. ಹಾಳಾದ ಶ್ವಾಸಕೋಶ ಇದರಿಂದ ಮೊದಲಿನಂತಾಗದು. ಬಲಗೊಳ್ಳುವುದು ಮುಖ್ಯವಾಗಿ ಕಾಲಿನ ಸ್ನಾಯು. ಏದುಸಿರಿಗೆ ಹೆದರಿ ಓಡಾಟ ಬಿಟ್ಟವರ ಸ್ನಾಯು ಸೊರಗುತ್ತದೆ, ಸೊರಗಿದಷ್ಟೂ ಅಲ್ಪ ಶ್ರಮಕ್ಕೇ ಉಸಿರು ಕಟ್ಟುತ್ತದೆ. ಈ ಸುಳಿಯಿಂದ ರೋಗಿಯನ್ನು ಹೊರತರುವುದೇ ಇದರ ದೊಡ್ಡ ಗುಣ. ಪ್ರಗತಿಯನ್ನು ಆರು ನಿಮಿಷದ ನಡಿಗೆಯಿಂದ ಅಳೆಯುತ್ತಾರೆ. 65 ಪ್ರಯೋಗಗಳ 3,822 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆ, ಏದುಸಿರು ತಗ್ಗಿ ಜೀವನದ ಗುಣಮಟ್ಟ ಸುಧಾರಿಸುವುದನ್ನು ದೃಢಪಡಿಸಿತು.

ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲಿ ಸಿಒಪಿಡಿಗೆ ಕಾರಣವಾಗಿ ಬೀಡಿಯ ಜೊತೆಗೆ ಬಚ್ಚಲ ಒಲೆಯ ಹೊಗೆಯನ್ನೂ ಗಮನಿಸಬೇಕು. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರಲು ಒಲೆಯ ಹೊಗೆ ಕಾರಣವಾಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಇಲ್ಲಿನವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೋಗುವುದೇ ರೂಢಿ. ಪುನಶ್ಚೇತನದ ತರಬೇತಿಗಾಗಿ ವಾರಕ್ಕೆ ಎರಡು ಮೂರು ಬಾರಿ ಅಷ್ಟು ದೂರದ ಪ್ರಯಾಣ ಉಬ್ಬಸದವರಿಗೆ ಕಷ್ಟ. ಆದ್ದರಿಂದ ಫಿಸಿಯೋಥೆರಪಿಸ್ಟರಿಂದ ಕಲಿತು ಮನೆಯಲ್ಲಿ ಮುಂದುವರಿಸುವ ಕ್ರಮ ಈ ಕರಾವಳಿಗೆ ಹೆಚ್ಚು ಹೊಂದುತ್ತದೆ: ಮಳೆಗಾಲದಲ್ಲಿ ಜಗಲಿಯ ಮೇಲೆ ನಡಿಗೆ, ನೀರು ತುಂಬಿದ ಬಾಟಲಿ ಎತ್ತುವುದು, ಮೂಗಿನಿಂದ ಎಳೆದ ಉಸಿರನ್ನು ತುಟಿ ಚೂಪಾಗಿಸಿ ನಿಧಾನ ಬಿಡುವುದು. ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರ ತಪಾಸಣೆ ಅಗತ್ಯ, ಇನ್ಹೇಲರ್ ನಿಲ್ಲಿಸಬಾರದು.